‘ಫ್ಯಾಟಿ’ ಅಂದ್ರೆ ಬರೀ ಕೊಬ್ಬು ಅಂತ ಹೇಳಿಕೊಡಬೇಡಿ

ಮಕ್ಕಳಿಗೆ ‘ಫ್ಯಾಟಿ’ ಅನ್ನೋದಕ್ಕೆ ಕನ್ನಡದಲ್ಲಿ ಏನು ಹೇಳಿಕೊಡೋದು ಅಂತ ನಿನ್ನೆ ಒಬ್ಬರು ಕೇಳಿದ್ದರು. ದಯವಿಟ್ಟು ‘ಕೊಬ್ಬು’ ಅಂತ ಒಂದೇ ಪದ ಹೇಳಿ ಬಿಡಬೇಡಿ. ನಾನು ಹಾಗೇ ಮಾಡಿದ್ದೆ.

ಹೋದ ವರ್ಷ ರಜೆಗೆ ಬಾಗಲಕೋಟೆಗೆ ಹೋಗಿದ್ದೆವು. ಅವ್ವ ಮೊಮ್ಮಗಳಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಮೇಲೆ ಎಣ್ಣೆ ತೇಲುತ್ತಿತ್ತು. ಮಗಳು, ‘ಆಯಿ, ನಿಂದು ಭಾಳ ಕೊಬ್ಬು’ ಅಂದಳು. ಅವ್ವನ ಕೈ ಅಲ್ಲೇ ನಿಂತಿತು. ‘ಯಾಕವಾ, ನಾ ಏನ್ ಮಾಡೀನಿ?’

ಅವಳು ಹೇಳಿದ್ದು ಪಲ್ಯದ ಬಗ್ಗೆ. ಆದರೆ ಮನುಷ್ಯರಿಗೆ ಕೊಬ್ಬು ಅಂದ್ರೆ ಸೊಕ್ಕು ಅಲ್ವಾ? ‘ಜಿಡ್ಡು ಅನ್ನು’ ಅಂತ ತಿದ್ದಿದೆ. ಮರುದಿನ ‘ಪಲ್ಯಕ್ಕೆ ಜಡ್ಡು’ ಅಂದಳು. ನಮ್ಮ ಕಡೆ ಜಡ್ಡು ಅಂದ್ರೆ ಕಾಯಿಲೆ! ಆಮೇಲೆ ಅವ್ವನೇ ಕಲಿಸೋಕೆ ಕೂತಳು, ಪುಸ್ತಕ ಇಲ್ಲದೆ.

ಎಮ್ಮೆ ಹಾಲು ಕಾಯಿಸಿ ಆರಿಸಿ, ಮೇಲಿನ ಪದರ ಎತ್ತಿ ತೋರಿಸಿ, ‘ಇದು ಕೆನಿ’ ಅಂದಳು. ಮಗಳು ಕೆನೆ ನೋಡಿದ್ದು ಅದೇ ಮೊದಲು. ನಾವಿರುವ ಅಮೆರಿಕದಲ್ಲಿ ಹೋಲ್ ಮಿಲ್ಕ್ ಅಂದ್ರೂ ಕೊಬ್ಬಿನಂಶ 3.25% ಇದ್ದರೆ ಸಾಕು. ನಮ್ಮ ದೇಶದ ಫುಲ್ ಕ್ರೀಮ್ ಹಾಲಿಗೆ ಕನಿಷ್ಠ 6% ಬೇಕು. ಮೇಲಾಗಿ ಅಮೆರಿಕದಲ್ಲಿ ಹಾಲಿನ ಕೊಬ್ಬನ್ನು ಸಣ್ಣ ಸಣ್ಣ ಕಣ ಮಾಡಿ ಬೆರೆಸಿಬಿಡುತ್ತಾರೆ. ಅದು ಮೇಲೆ ತೇಲಿ ಬರೋದೇ ಇಲ್ಲ. ಕಣ್ಣಿಗೆ ಕಾಣದ್ದಕ್ಕೆ ಮಗು ಹೆಸರು ಹೇಗೆ ಕಲಿಯಬೇಕು?

ಅಮೀನಗಡದ ಕರದಂಟು ತಿಂದಾಗ ಬೆರಳಿಗೆ ತುಪ್ಪ ಹತ್ತಿತು. ‘ಅದು ಜಿಡ್ಡು, ಕಡಲೆ ಹಿಟ್ಟು ಹಚ್ಚಿ ತೊಳಿ’ ಅಂದಳು ಅವ್ವ. ತಲೆಗೆ ಎಣ್ಣೆ ಹಚ್ಚಿ ಒರೆಸಿದ ಮೇಲೂ ಅಂಗೈಯಲ್ಲಿ ಉಳಿಯಿತಲ್ಲ, ಅದು ಎಣ್ಣೆ ಪಸೆ. ಹೊಟ್ಟೆ ಸುತ್ತ ಬೆಳೆಯೋದು ಬೊಜ್ಜು. ಡಬ್ಬಿಗಳ ಮೇಲೆ ‘ಫ್ಯಾಟ್ ಫ್ರೀ’ ಅಂತ ಓದಿ ಓದಿ, ಇವೆಲ್ಲ ಒಂದೇ, ಎಲ್ಲವೂ ಕೆಟ್ಟದ್ದು ಅಂದುಕೊಂಡಿದ್ದಳು ಮಗಳು. ಅದೇ ನನಗೆ ಜಾಸ್ತಿ ಬೇಜಾರಾಗಿದ್ದು. ಕೆನೆಯನ್ನು ಯಾರಾದರೂ ಬೈತಾರಾ? ಮನೆಯಲ್ಲಿ ಅದಕ್ಕಾಗಿ ನಾವು ಜಗಳ ಆಡಿದವರು.

ಈಗ ಕೆನೆ ಕಟ್ಟುವ ಹಾಲನ್ನೇ ಹುಡುಕಿ ತರುತ್ತೇನೆ. ಬೆಲೆ ಜಾಸ್ತಿ, ಆದರೂ ವಾರಕ್ಕೊಂದು ಬಾಟಲಿ.

ಇನ್ನೊಂದು ಪದ ಉಳಿದಿದೆ, ನೆಣ. ಮಾಂಸದ ಕೊಬ್ಬಿಗೆ ಅದೇ ಹೆಸರು. ನಮ್ಮ ಮನೆಯಲ್ಲಿ ಮಾಂಸ ಮಾಡೋದಿಲ್ಲ, ತೋರಿಸಿ ಹೇಳೋಕೆ ನನ್ನಿಂದ ಆಗಿಲ್ಲ. ಮಾಡುವವರು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿಕೊಡಿ.