ಎಳೀದೆ ಹರಿಯದ ದೋಸೆ

ದಾವಣಗೆರೆಯ ಏಪ್ರಿಲ್ ಬಿಸಿಲು. ಬೆಣ್ಣೆ ದೋಸೆ ಹೋಟೆಲ್ಲು. ಪಕ್ಕದ ಬಾಳೆಸಿಪ್ಪೆ ಮೇಲೆ ಹಣ್ಣುನೊಣಗಳ ಜಾತ್ರೆ.

ಮಂಜ: ಈ ಸೆಕೆಗೆ ನಾವೇ ಬಿದ್ದೋಗ್ತೀವಿ, ಇವು ನೋಡು, ಹೆಂಗ್ ಹಾರ್ತಾವೆ!

ಬಸಣ್ಣ: ಇವು ಸಾದಾ ನೊಣ. ಶಿಬಿರೆ ತಳಿ ಆಗಿದ್ರೆ 30 ಡಿಗ್ರಿಗೇ ಒಂದೆರಡು ನಿಮಿಷದಾಗೆ ಅಂಗಾತ.

ಶಿವು: ಯಾವ ಶಿಬಿರ? ಊಟ ಐತಾ?

ಬಸಣ್ಣ: ಶಿಬಿರ ಅಲ್ಲಲೇ, ಶಿಬಿರೆ. ಜಪಾನಿ ಮಾತಾಗೆ ಮರಗಟ್ಟೋದು ಅಂತ. ಆ ಹೆಸರಿನ ಜೀನ್ ಮಾಡೋ ಪ್ರೋಟೀನು ಡೈನಮಿನ್. ಕೋಶದ ಪೊರೆ ಒಳಕ್ಕೆ ಗುಂಡಿಬಿದ್ದು ಚೀಲ ಆಗ್ತೈತಲ್ಲ, ಎಂಡೋಸೈಟೋಸಿಸ್ಸು, ಆ ಚೀಲದ ಕುತ್ತಿಗೆ ಕತ್ತರಿಸೋದು ಅದೇ. ಈ ತಳಿಯಾಗೆ ಆ ಜೀನ್ ಕೆಟ್ಟೈತೆ, ಬಿಸಿಗೆ ಡೈನಮಿನ್ ಕೈಕೊಟ್ಟು ಚೀಲ ಪೊರೆಗೇ ನೇತಾಡ್ತೈತೆ. ನರದ ತುದಿಯಾಗೆ ಸುದ್ದಿ ಒಯ್ಯೋ ಚೀಲದ ದಾಸ್ತಾನು ಖಾಲಿ, ನೊಣ ಮಲಗ್ತು. 22ಕ್ಕೆ ಇಳಿಸಿದ್ರೆ ಎದ್ದು ಓಡಾಡ್ತೈತೆ.

ಮಂಜ: ಪ್ರಯೋಗ ಸಲೀಸು ಬಿಡು.

ಬಸಣ್ಣ: ಸಲೀಸಾ? ಖಾಲಿ ಕೊಳವೆನ 30ರ ನೀರಾಗೆ ಮೊದಲೇ ಬಿಸಿಮಾಡಿರಬೇಕು. ಹತ್ತಿ ಬಿರಡೆನ ನೀರಿನ ಮಟ್ಟಕ್ಕಿಂತ ಕೆಳಗೆ ದೂಡಬೇಕು, ಇಲ್ಲಾಂದ್ರೆ ನೊಣ ತಂಪು ನೋಡಿ ಮೇಲೇರಿ ಕೂರ್ತಾವೆ. ಒಳಗೆ ತೇವ ಇದ್ರೆ ರೆಕ್ಕೆ ಅಂಟಿ ಬಿದ್ದಿದ್ದನ್ನೂ ಲಕ್ವ ಅಂತ ಬರ್ಕೊಳ್ಳೋದು. ಪಕ್ಕದಾಗೆ ಸಾದಾ ನೊಣದ ಕೊಳವೆ ಇಡಲೇಬೇಕು.

ಶಿವು: ನಮ್ಮೂರಾಗೆ ನೀರು ಕಾಯ್ಸೋ ಖರ್ಚಿಲ್ಲ.

ಬಸಣ್ಣ: ತಂಪಿನ ಖರ್ಚು ಐತಲ್ಲಪ್ಪ! ತಳಿ ಇಡಾಕೆ 18 ಡಿಗ್ರಿ ಪೆಟ್ಟಿಗೆ ಬೇಕು. ಕರೆಂಟ್ ಹೋತೋ, ವಂಶಕ್ಕೆ ವಂಶಾನೇ ಅಂಗಾತ.

ಮಂಜ: ಇರ್ಲಿ. ಕೋಶ ತನ್ನ ಪೊರೆ ಮೇಲೆ ಸುದ್ದಿ ಹಿಡಿಯೋ ರಿಸೆಪ್ಟರ್ ನುಂಗಿ ಅರಗಿಸಿದ್ರೆ ಸಿಗ್ನಲ್ ಬಂದ್. ಇಷ್ಟೇ ತಾನೆ?

ಬಸಣ್ಣ: ಅಲ್ಲೇ ಎಡವೋದು! ನಾಚ್ ಅನ್ನೋ ರಿಸೆಪ್ಟರ್ ವಿಷಯದಾಗೆ ನುಂಗದಿದ್ರೆ ಸಿಗ್ನಲ್ ಶುರುನೇ ಆಗಲ್ಲ. ಅದೂ ಸುದ್ದಿ ಕೊಡೋ ಕೋಶ ನುಂಗಬೇಕು. ಈ ದೋಸೆ ಹಿಡಿ. ನೀನು ನಾಚ್, ನಾನು ಪಕ್ಕದ ಕೋಶದಿಂದ ನಿಂಗೆ ಸುದ್ದಿ ಕೊಡೋ ಪ್ರೋಟೀನು, ಡೆಲ್ಟಾ. ಸುಮ್ನೆ ಹಿಡ್ಕೊಂಡು ಕೂತ್ರೆ ಸಂಜೆತನಕ ಕೂತಿರ್ತೀವಿ. ನನ್ನ ಬಾಲಕ್ಕೆ 'ಒಳಗೆ ತಗೋ' ಅನ್ನೋ ಯುಬಿಕ್ವಿಟಿನ್ ಚೀಟಿ ಅಂಟಿಸೋರು ನ್ಯೂರಲೈಸ್ಡು, ಮೈಂಡ್‌ಬಾಂಬು ಅನ್ನೋ ಕಿಣ್ವಗಳು. ಚೀಟಿ ಹಿಡಿದು ಒಳಕ್ಕೆ ಕರ್ಕೊಳ್ಳೋನು ಎಪ್ಸಿನ್ ಅನ್ನೋ ಪ್ರೋಟೀನು. ನಾನು ಒಳಗೆ ಹೋಗ್ತಾ ಎಳೆದ್ರೆ ನಿನ್ನ ಮಡಿಕೆ ಬಿಚ್ಚಿ, ಮುಚ್ಚಿಟ್ಟ ಜಾಗ ಹೊರಗೆ ಬೀಳ್ತೈತೆ. ಆಗ ಎರಡು ಕತ್ತರಿ ಕಿಣ್ವ ಬರ್ತಾವೆ: ಕುಜ್ಬೇನಿಯನ್ ಹೊರಗೆ ಕತ್ತರಿಸ್ತು, ಗಾಮಾ ಸೀಕ್ರಿಟೇಸ್ ಪೊರೆಯಾಗೆ ಕತ್ತರಿಸ್ತು, ಉಳಿದ ತುಂಡು ನ್ಯೂಕ್ಲಿಯಸ್ಸಿಗೆ ಹೋಗಿ 'ನೀನು ನರ ಆಗಬ್ಯಾಡ' ಅಂತೈತೆ.

ಶಿವು: ಎಳೀದಿದ್ರೆ?

ಬಸಣ್ಣ: ಭ್ರೂಣದಾಗೆ ಚರ್ಮ ಆಗಬೇಕಾದ ಕೋಶಾನೂ ನರ ಆಗ್ತೈತೆ. ಎಲ್ರೂ ಅಧ್ಯಕ್ಷರು, ಕುರ್ಚಿ ಹಾಕೋರಿಲ್ಲ.

ಮಂಜ: ನುಂಗಿದ್ಮೇಲೆ ನಿರಾಳ ಅನ್ನು.

ಬಸಣ್ಣ: ಅರಗಬೇಕಲ್ಲ! ನುಂಗಿದ್ದು ಹೋಗಿ ಸೇರೋ ಚೀಲ ಎಂಡೋಸೋಮು. ಅಲ್ಲಿಂದ ಅರಗಿಸಾಕೆ ಸಾಗಿಸೋ ವಿಪಿಎಸ್25 ಅನ್ನೋ ಪ್ರೋಟೀನು ಕೆಟ್ರೆ ನಾಚ್ ಅಲ್ಲೇ ಸಿಕ್ಕೊಂಡು ಸಿಗ್ನಲ್ ಕೂಗ್ತಾನೇ ಇರ್ತೈತೆ. ಪಕ್ಕದ ಅಂಗಾಂಶ ಊದ್ಕೊಂಡು ಬೆಳೀತೈತೆ... ಲೇ ಮಂಜ, ದೋಸೆ ಎಲ್ಲಿ?

ಮಂಜ: ನನ್ನ ಕೈಯಾಗೆ ತುದಿ ಅಷ್ಟೇ ಐತಿ.

ಶಿವು: (ಬಾಯಿ ತುಂಬಾ) ಮಡಿಕೆ ಬಿಚ್ಚಿತ್ತು, ಕುಜ್ಬೇನಿಯನ್ ಬಂದಿದ್ದ.