ಲಸಿಕೆ ಬೇಡ ಅಂತ ಚೀಟಿ ಕಳಿಸುವ ಪೋಷಕರಿಗೆ ಶಾಲೆ ನರ್ಸ್ ಏನು ಹೇಳಬೇಕು?

ಸಿಕ್‌ರೂಮ್ ಸಿಸ್ಟರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ನರ್ಸ್ ಆಗಿದ್ದೇನೆ. ಮೊದಲು ಆರು ವರ್ಷ ಆಸ್ಪತ್ರೆ ವಾರ್ಡಿನಲ್ಲಿದ್ದೆ, ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಸಿಕ್‌ರೂಮ್ ಅಂದರೆ ಒಂದು ಮಂಚ, ಒಂದು ಬೀರು, ಒಂದಿಷ್ಟು ಓಆರ್‌ಎಸ್ ಪಾಕೀಟು, ಮತ್ತೆ ಏಪ್ರಿಲ್ ಬಿಸಿಲಿಗೆ ಮೂಗಿನಲ್ಲಿ ರಕ್ತ ಬಂದ ಹುಡುಗರು. ಲಸಿಕೆ ಅಂತ ತಲೆಬಿಸಿ ಆಗೋದು ವರ್ಷಕ್ಕೆ ಒಂದೇ ಸಲ, ಪಿಎಚ್‌ಸಿಯವರು ಹತ್ತು ವರ್ಷದ ಮತ್ತು ಹದಿನಾರು ವರ್ಷದ ಮಕ್ಕಳಿಗೆ ಟಿಡಿ (ಧನುರ್ವಾಯು–ಡಿಫ್ತೀರಿಯಾ ಲಸಿಕೆ) ಹಾಕಲು ಬಂದಾಗ. ಮುಂದಿನ ವಾರ ಬರ್ತಿದ್ದಾರೆ.

ಡೈರಿಯಲ್ಲಿ ನೋಟೀಸ್ ಅಂಟಿಸಿ ಕಳಿಸಿದ ಮರುದಿನವೇ ಮೂರು ಚೀಟಿ ಬಂದವು. ಒಬ್ಬ ತಂದೆ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಿಂಟ್ ಲಗತ್ತಿಸಿದ್ದಾರೆ, ಒಂದು ಸಾಲಿಗೆ ಹಳದಿ ಮಾರ್ಕರ್ ಬೇರೆ ಎಳೆದಿದ್ದಾರೆ. ಇನ್ನೊಂದು ಹುಡುಗಿಗೆ ಫಿಟ್ಸ್ ಇದೆ, ಎರಡು ವರ್ಷದಿಂದ ಮಾತ್ರೆ ತಗೊಳ್ತಿದ್ದಾಳೆ, ಅವಳಿಗೆ ಯಾವ ಲಸಿಕೆಯೂ ಬೇಡ ಅಂತ ಯಾವುದೋ ಕ್ಲಿನಿಕ್‌ನ ಲೆಟರ್‌ಹೆಡ್ಡಿನಲ್ಲಿ ಒಂದೇ ಸಾಲು ಬರೆಸಿಕೊಂಡು ಬಂದಿದ್ದಾರೆ. ಮೂರನೆಯದು ನೋಟ್‌ಬುಕ್ಕಿನಿಂದ ಹರಿದ ಅರ್ಧ ಹಾಳೆ: "ನಮ್ಮ ಹುಡುಗನಿಗೆ ಸೂಜಿ ಬ್ಯಾಡ್ರಿ." ಅಷ್ಟೇ. ಕಾರಣ ಇಲ್ಲ.

ಇದನ್ನು ನೋಡಿ ನಮ್ಮ ಪ್ರಿನ್ಸಿಪಾಲರು, ಒಂದು ಫಾರಂ ಮಾಡಿ ಎಲ್ಲರ ಮನೆಗೂ ಕಳಿಸಿ ಅಂದರು. "ನನ್ನ ಮಗುವಿಗೆ ಲಸಿಕೆ ಬೇಡ, ಮುಂದೆ ಏನಾದರೂ ಆದರೆ ಶಾಲೆ ಹೊಣೆಯಲ್ಲ" ಅಂತ ಬರೆದು ಕೆಳಗೆ ಸಹಿ. ಬೇಡ ಅನ್ನುವವರು ಸಹಿ ಹಾಕಿ ಕಳಿಸಲಿ, ನಿಮಗೂ ತಲೆನೋವಿಲ್ಲ ನಮಗೂ ಇಲ್ಲ ಅಂತ. ನನಗೆ ಯಾಕೋ ಸರಿ ಅನ್ನಿಸ್ತಿಲ್ಲ, ಆದರೆ ಯಾಕೆ ಅಂತ ಬಾಯಿ ಬಿಟ್ಟು ಹೇಳೋಕೂ ಆಗಲಿಲ್ಲ. ಲಸಿಕೆಯಿಂದ ವಿನಾಯಿತಿ ಅಂತ ನಮ್ಮಲ್ಲಿ ಕಾನೂನುಬದ್ಧವಾಗಿ ಏನಾದರೂ ಇದೆಯಾ? ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ನಿವೃತ್ತ ಎಎನ್‌ಎಂ, ಸಿಂಧನೂರು

ಆ ಫಾರಂ ಕಳಿಸಲೇಬೇಡಮ್ಮ. ಬೇಡ ಅಂದವರು ಮೂರು ಜನ, ನೀನು ಇನ್ನೂರು ಮನೆಗೆ "ಬೇಡ ಅನ್ನಬಹುದು" ಅಂತ ಕಾಗದ ಕಳಿಸ್ತೀಯ. ಸಾಲದ್ದಕ್ಕೆ "ಏನಾದರೂ ಆದರೆ" ಅಂತ ಬೇರೆ ಬರೆದಿದ್ದೀರಿ, ಅದನ್ನು ಓದಿದ ಯಾವ ತಾಯಿಗೆ ಎದೆ ಝಲ್ ಅನ್ನಲ್ಲ ಹೇಳು. ಸುಮ್ನೆ ಇದ್ದವರೂ ಸಹಿ ಹಾಕಿ ಕಳಿಸ್ತಾರೆ. ಒಂದು ಸಲ ಸಹಿ ಬಿತ್ತು ಅಂದರೆ ಮುಗೀತು, ಆಮೇಲೆ ಮನಸ್ಸು ಬದಲಾದರೂ ಮರ್ಯಾದೆ ಅಡ್ಡ ಬರುತ್ತೆ.

ಇನ್ನು ವಿನಾಯಿತಿ ವಿಚಾರ. ಲಸಿಕೆ ಹಾಕಿಸದಿದ್ದರೆ ಶಾಲೆಗೆ ಸೇರಿಸಲ್ಲ ಅನ್ನೋ ಕಾನೂನು ನಮ್ಮಲ್ಲಿ ಇಲ್ಲ. ಇಲ್ಲದ ನಿಯಮಕ್ಕೆ ವಿನಾಯಿತಿ ಎಲ್ಲಿಂದ ಬರಬೇಕು? ನಮ್ಮದು ಪೂರ್ತಿ ಒಪ್ಪಿಸುವ ಕೆಲಸ. ಕೆಲವೊಮ್ಮೆ ಒಪ್ಪಲ್ಲ, ಮುಂದಿನ ತಿಂಗಳು ಮತ್ತೆ ಹೋಗಬೇಕು.

2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಮಾಡಿದೆವಲ್ಲ, ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೆ, ಆಗ ವಾಟ್ಸಾಪಿನಲ್ಲಿ ಏನೇನೋ ಓಡಾಡಿತು. ಮಕ್ಕಳಾಗದ ಹಾಗೆ ಮಾಡ್ತಾರಂತೆ, ಎಲ್ಲಿಯೋ ಮಕ್ಕಳು ಸತ್ತರಂತೆ. ನಾನು ಹೋದ ಒಂದು ಕ್ಯಾಂಪಿನ ಶಾಲೆಯಲ್ಲಿ ಅರ್ಧ ಮಕ್ಕಳು ಗೈರು. ಗೇಟಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ನಿಂತಿತ್ತು, ಒಳಗೂ ಬರಲ್ಲ ಮನೆಗೂ ಹೋಗಲ್ಲ. ಏನವ್ವ ಅಂದೆ. "ಒಂದ ಸೂಜಿ ಎಷ್ಟ ಹುಡುಗ್ರಿಗೆ ಚುಚ್ತೀರಿ?" ಅಂತ ಕೇಳಿತು. ಅದರ ಭಯ ವಾಟ್ಸಾಪಿನದಲ್ಲ, ನಲವತ್ತು ವರ್ಷದ ಹಿಂದೆ ಸೂಜಿ ಕುದಿಸಿ ಕುದಿಸಿ ಹಾಕ್ತಿದ್ದರಲ್ಲ, ಆ ಕಾಲದ್ದು. ಒಂದು ಹೊಸ ಸಿರಿಂಜ್ ಬಿಚ್ಚಿ ಅದರ ಕಣ್ಣೆದುರು ನೀರು ಎಳೆದು ಖಾಲಿ ಮಾಡಿದೆ, ಈಗ ನೀನೇ ಇನ್ನೊಮ್ಮೆ ಎಳಿಯವ್ವ ಅಂತ ಅಜ್ಜಿ ಕೈಗೆ ಕೊಟ್ಟೆ. ಎಷ್ಟು ಎಳೆದರೂ ಬರಲಿಲ್ಲ, ಒಮ್ಮೆ ಬಳಸಿದ ಮೇಲೆ ಲಾಕ್ ಆಗಿರುತ್ತಲ್ಲ. "ಅಯ್ಯ, ಇದು ಕೆಟ್ಟು ಹೋತಲ್ಲ ತಂಗಿ" ಅಂತು. ಕೆಡಲಿ ಅಂತಾನೇ ಮಾಡ್ಯಾರವ್ವ ಅಂದೆ. ಮೊಮ್ಮಗಳನ್ನು ಒಳಗೆ ಕರೆದುಕೊಂಡು ಬಂತು. ಒಂದು ಸಿರಿಂಜ್ ದಂಡ ಆಯಿತು ಅಂತ ನಮ್ಮ ಸೂಪರ್‌ವೈಸರ್ ಮುಖ ಊದಿಸಿಕೊಂಡರು, ಅದು ಬೇರೆ ಕಥೆ.

ಆ ಅರ್ಧ ಹಾಳೆಯ ತಾಯಿಯನ್ನು ಮೊದಲು ಮಾತಾಡಿಸು. ಕಾರಣ ಬರೆಯದವರಿಗೇ ಕಾರಣ ಇರೋದು.

ಮತ್ತೊಂದು. ತಾಯಿ ಕಾರ್ಡಿನಲ್ಲಿ ಡೋಸ್ ಖಾಲಿ ಇದ್ದರೆ ಅದನ್ನು ನಿರಾಕರಣೆ ಲೆಕ್ಕಕ್ಕೆ ಸೇರಿಸಬೇಡ. ನಮ್ಮ ಕಡೆ ಅಪ್ಪ ಅಮ್ಮ ಗುಳೆ ಹೋದಾಗ ಮಗು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುತ್ತೆ, ಇಲ್ಲಿ ಆಶಾ ಬಾಗಿಲಿಗೆ ಬೀಗ ನೋಡಿಕೊಂಡು ವಾಪಸ್ ಬರ್ತಾಳೆ. ಅವರು ಬೇಡ ಅಂದವರಲ್ಲ, ಸಿಗದೇ ಹೋದವರು.

ಕಂಪ್ಲಿ ಹುಡುಗ

ಇವೆಲ್ಲ ಕಂಪನಿಯವರ ವ್ಯಾಪಾರ ಸ್ವಾಮಿ. ನಮ್ಮ ಅಜ್ಜ ಯಾವ ಲಸಿಕೆ ಹಾಕಿಸಿಕೊಂಡಿದ್ದ? ತೊಂಬತ್ತು ವರ್ಷ ಬದುಕಿದ.

ನಿವೃತ್ತ ಎಎನ್‌ಎಂ, ಸಿಂಧನೂರು

ಅಜ್ಜನ ಜೊತೆ ಹುಟ್ಟಿದವರು ಎಷ್ಟು ಜನ, ಉಳಿದವರು ಎಷ್ಟು ಜನ ಅಂತ ಮನೆಯಲ್ಲಿ ಕೇಳಿ ನೋಡಪ್ಪ. ಟಿಡಿಯಲ್ಲಿ ಎರಡನೆಯ ಅಕ್ಷರ ಡಿಫ್ತೀರಿಯಾ, ನಮ್ಮ ಹಿರಿಯರು ಗಂಟಲಮಾರಿ ಅಂತಿದ್ದರು. ಮಾರಿ ಅಂತ ಸುಮ್ನೆ ಹೆಸರಿಟ್ಟಿರಲಿಲ್ಲ.

ರಾಯಚೂರಿನವಳು, ಈಗ ಟೆಕ್ಸಾಸ್

ನಾನು ಡಲ್ಲಾಸ್ ಹತ್ತಿರ ಸ್ಕೂಲ್ ನರ್ಸ್. ನಿಮ್ಮ ಪ್ರಿನ್ಸಿಪಾಲ್ ಕೇಳಿದ ಫಾರಂ ಇಲ್ಲಿ ಸರ್ಕಾರವೇ ಕೊಡುತ್ತೆ! ಇಲ್ಲಿ ಲಸಿಕೆ ದಾಖಲೆ ಇಲ್ಲದೆ ಶಾಲೆಗೆ ಸೇರಿಸುವಂತಿಲ್ಲ, ಅದಕ್ಕೇ ವಿನಾಯಿತಿ ಅಂತ ಒಂದು ಬಾಗಿಲು ಇಟ್ಟಿದ್ದಾರೆ. ವೈದ್ಯಕೀಯ ಕಾರಣಕ್ಕೆ ಎಲ್ಲ ರಾಜ್ಯಗಳಲ್ಲೂ ಸಿಗುತ್ತೆ. ನಂಬಿಕೆಯ ಕಾರಣಕ್ಕೆ ಅಂದರೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ 2015ರಲ್ಲಿ ಕಾನೂನು ತಂದು ಅದನ್ನು ತೆಗೆದೇ ಹಾಕಿತು, ನ್ಯೂಯಾರ್ಕ್ 2019ರಲ್ಲಿ ಧಾರ್ಮಿಕ ಕಾರಣವನ್ನು ತೆಗೆಯಿತು. ನಮ್ಮ ಟೆಕ್ಸಾಸ್ ಉಲ್ಟಾ. ಮೊದಲು ಫಾರಂ ಅರ್ಜಿ ಹಾಕಿ ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು, 2025ರ ಸೆಪ್ಟೆಂಬರ್‌ನಿಂದ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು.

ಫಾರಂ ಸರಿಯಾಗಿ ತುಂಬಿದ್ದರೆ ನಾನು ತಗೊಳ್ಳಲೇಬೇಕು. ವಾದ ಮಾಡುವ ಹಾಗಿಲ್ಲ. ನನ್ನ ಕೆಲಸ ಫೈಲ್ ಮಾಡೋದು, ಯಾವ ಮಗುವಿಗೆ ಯಾವ ಡೋಸ್ ಇಲ್ಲ ಅಂತ ಪಟ್ಟಿ ಇಡೋದು. ಪಟ್ಟಿ ಯಾಕೆ ಅಂದರೆ, ಶಾಲೆಯಲ್ಲಿ ಒಂದು ದಡಾರದ ಕೇಸ್ ಬಂದರೆ ಲಸಿಕೆ ಇಲ್ಲದ, ಸಂಪರ್ಕಕ್ಕೆ ಬಂದ ಮಕ್ಕಳನ್ನು 21 ದಿನ ಮನೆಯಲ್ಲಿ ಇರಿಸಬೇಕಾಗುತ್ತೆ. ರೋಗ ಬಂದ ಮಗು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ತನಕ ವೈರಸ್ ಇರುತ್ತೆ. 2025ರಲ್ಲಿ ಪಶ್ಚಿಮ ಟೆಕ್ಸಾಸಿನಲ್ಲಿ ಶುರುವಾಗಿದ್ದು ಆಗಸ್ಟಿನಲ್ಲಿ ಮುಗಿಯುವ ಹೊತ್ತಿಗೆ 762 ಕೇಸ್. ಶಾಲೆ ವಯಸ್ಸಿನ ಎರಡು ಮಕ್ಕಳು ತೀರಿಕೊಂಡರು, ಇಬ್ಬರಿಗೂ ಲಸಿಕೆ ಆಗಿರಲಿಲ್ಲ.

ಹಾಗಾಗಿ ಫಾರಂ ಮುಂಚೆಯೇ ಕೈಗೆ ಕೊಡಬೇಡಿ, ನಾನೂ ಅದನ್ನೇ ಹೇಳೋದು. ಇಲ್ಲಿ ಎಷ್ಟೋ ಜನ ನಂಬಿಕೆಯಿಂದ ಅಲ್ಲ, ಕಾರ್ಡ್ ಹುಡುಕೋದಕ್ಕಿಂತ ಫಾರಂ ತುಂಬೋದು ಸುಲಭ ಅಂತ ತುಂಬ್ತಾರೆ. ಆದರೆ ಪಟ್ಟಿ ಮಾತ್ರ ಇಟ್ಟುಕೊಳ್ಳಿ ಅಕ್ಕ, ನೀವು ಒಬ್ಬರೇ ನೋಡೋ ಹಾಗೆ. (ಸಿಂಧನೂರು ಅಕ್ಕನ ಸಿರಿಂಜ್ ಕಥೆ ನಮ್ಮ ನರ್ಸ್ ಗ್ರೂಪಿನಲ್ಲಿ ಹೇಳ್ತೀನಿ, ಪರವಾಗಿಲ್ವಾ?)

ಮಕ್ಕಳ ಡಾಕ್ಟರ್, ಕೊಪ್ಪಳ

ಫಿಟ್ಸ್ ಹುಡುಗಿ ಬಗ್ಗೆ ಮಾತ್ರ ಹೇಳ್ತೀನಿ. ಮಾತ್ರೆಯಲ್ಲಿ ಹಿಡಿತದಲ್ಲಿರುವ ಫಿಟ್ಸ್ ಟಿಡಿಗೆ ಅಡ್ಡಿ ಅಲ್ಲ. ನೆಗಡಿ, ಸಣ್ಣ ಜ್ವರ ಕೂಡ ಅಡ್ಡಿ ಅಲ್ಲ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಅದು ನಿಜವಾದ ಕಾರಣ. "ಯಾವ ಲಸಿಕೆಯೂ ಬೇಡ" ಅಂತ ಒಂದೇ ಸಾಲಿನಲ್ಲಿ ಬರೆದಿದ್ದರೆ ಅದನ್ನು ಹಾಗೇ ಒಪ್ಪಬೇಡಿ, ಹಾಗಂತ ಹರಿದೂ ಹಾಕಬೇಡಿ. ಅವಳಿಗೆ ಫಿಟ್ಸ್ ಮಾತ್ರೆ ಬರೆಯುತ್ತಿರುವ ಡಾಕ್ಟರಿಗೆ ಪೋಷಕರ ಎದುರೇ ಫೋನ್ ಮಾಡಿ. ಆ ದಿನ ಹಾಕಿಸಲೇಬೇಕು ಅಂತಿಲ್ಲ, ಆಮೇಲೆ ಪಿಎಚ್‌ಸಿಯಲ್ಲೂ ಹಾಕಿಸಬಹುದು.

ಇನ್ನೊಂದು ಮಾತು, ಖಾಲಿ ಹೊಟ್ಟೆಯ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ದೊಡ್ಡ ಹುಡುಗಿಯರು ಹೆದರಿಕೆಗೇ ತಲೆಸುತ್ತಿ ಬೀಳ್ತಾರೆ, ಒಬ್ಬಳು ಬಿದ್ದರೆ ಹಿಂದಿನ ನಾಲ್ವರು ಬೀಳ್ತಾರೆ. ಸಂಜೆಯೊಳಗೆ ಊರೆಲ್ಲ ಸುದ್ದಿ.

ಇಬ್ಬರು ಮಕ್ಕಳ ಅಪ್ಪ, ಬಳ್ಳಾರಿ

ನಾನು ಆ ಹಳದಿ ಮಾರ್ಕರ್ ಜಾತಿಯವನು, ಬೈಬೇಡಿ. ಆ ತೀರ್ಪು 2022ರ ಮೇ 2ರದ್ದು, ಕೋವಿಡ್ ಲಸಿಕೆ ಬಗ್ಗೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಹೇಳಿರೋದು ನಿಜ. ಸರ್ಕಾರದ ಲಸಿಕೆ ನೀತಿ ತಪ್ಪು ಅಂತ ಅದರಲ್ಲಿ ಹೇಳಿಲ್ಲ, ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ನಾನೂ ಓದಿದ್ದು ಆಮೇಲೆ.

ಆಗ ನನಗೆ ಸಿಟ್ಟು ಬಂದಿದ್ದು ಲಸಿಕೆ ಮೇಲಲ್ಲ. ಶಾಲೆಯಿಂದ ಫೋನ್ ಮಾಡಿ "ನೀವೊಬ್ಬರೇ ಸರ್ ಬಾಕಿ" ಅಂದರು, ಏನೋ ಫೀಸ್ ಕಟ್ಟಿಲ್ಲ ಅನ್ನೋ ಹಾಗೆ. ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ ಅಂತ ಕೇಳಿದೆ, ಅದಕ್ಕೆ ಉತ್ತರ ಇರಲಿಲ್ಲ. ಅದೊಂದು ನಂಬರ್ ಕೊಟ್ಟಿದ್ದರೆ ಅವತ್ತೇ ಹಾಕಿಸ್ತಿದ್ದೆ.

ಸಿಕ್‌ರೂಮ್ ಸಿಸ್ಟರ್, ಬಳ್ಳಾರಿ

ಹತ್ತು ದಿನ ಆದ ಮೇಲೆ ಬರೀತಿದ್ದೇನೆ, ತಡ ಆಯಿತು. ಪ್ರಿನ್ಸಿಪಾಲರು ಫಾರಂ ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಸಿಕ್‌ರೂಮಿನಲ್ಲೇ ಒಂದು ರಿಜಿಸ್ಟರ್ ಇಡೋದು ಅಂತ ಆಯಿತು, ಸಹಿ ಇಲ್ಲ, ಪೋಷಕರು ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಬರೆದಿಡ್ತೀನಿ. ನೋಟೀಸಿನ ಕೆಳಗೆ ನನ್ನ ನಂಬರ್ ಮತ್ತು ಪಿಎಚ್‌ಸಿ ಸಿಸ್ಟರ್ ನಂಬರ್ ಹಾಕಿ ಇನ್ನೊಮ್ಮೆ ಕಳಿಸಿದೆ. ರಾತ್ರಿ ಹತ್ತಕ್ಕೆ ಒಬ್ಬರು ಫೋನ್ ಮಾಡಿ ನಾಳೆ ಯೂನಿಫಾರ್ಮ್ ಯಾವುದು ಅಂತ ಕೇಳಿದರು, ಇರಲಿ.

ಕೋರ್ಟ್ ತೀರ್ಪಿನ ತಂದೆ ಒಪ್ಪಲಿಲ್ಲ. ಅರ್ಧ ಗಂಟೆ ಕೂತು ಮಾತಾಡಿದರು, ಚಹಾ ಕುಡಿದರು, ಆದರೂ ಬೇಡ ಅಂದರು. ಸರಿ ಸರ್, ಮನಸ್ಸು ಬದಲಾದರೆ ಪಿಎಚ್‌ಸಿಗೆ ಹೋಗಿ ಅಂದೆ. ಫಿಟ್ಸ್ ಹುಡುಗಿಯ ಡಾಕ್ಟರ್ ಫೋನಿನಲ್ಲೇ ಹಾಕಿಸಿ ಅಂದುಬಿಟ್ಟರು, ಆ ಚೀಟಿ ಬರೆದಿದ್ದು ಅವರಲ್ಲವೇ ಅಲ್ಲ.

ಅರ್ಧ ಹಾಳೆಯ ತಾಯಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗ್ತಾರೆ, ಸಂಜೆ ಏಳರ ಮೇಲೆ ಸಿಕ್ಕರು. ದೊಡ್ಡ ಮಗನಿಗೆ ಚಿಕ್ಕಂದಿನಲ್ಲಿ ಇಂಜೆಕ್ಷನ್ ಹಾಕಿದ ಜಾಗ ಕೀವು ತುಂಬಿ ಕೊಯ್ಯಬೇಕಾಯಿತಂತೆ, ಎಂಟು ದಿನ ಕೂಲಿ ಹೋಯಿತಂತೆ, ಹಾಕಿದವರು ಯಾರೂ ಆಮೇಲೆ ತಿರುಗಿ ನೋಡಲಿಲ್ಲವಂತೆ. ನಾನು ಲಸಿಕೆ ಬಗ್ಗೆ ಜಾಸ್ತಿ ಏನೂ ಹೇಳಲಿಲ್ಲ. ಆ ಕಲೆ ಎಷ್ಟು ದೊಡ್ಡದಿದೆ ಅಂತ ಕೇಳಿದೆ, ಮೊಬೈಲಿನಲ್ಲಿ ಫೋಟೋ ತೋರಿಸಿದರು. ಹಾಕುವ ದಿನ ನೀವೂ ಬನ್ನಿ, ಸಿರಿಂಜ್ ನಿಮ್ಮ ಕೈಯಲ್ಲೇ ಬಿಚ್ಚಿಸ್ತೀನಿ ಅಂದೆ. ಬುಧವಾರ ಅರ್ಧ ದಿನ ರಜೆ ಹಾಕಿ ಬಂದರು. ಹುಡುಗನಿಗಿಂತ ಅವರೇ ಕಣ್ಣು ಮುಚ್ಚಿಕೊಂಡರು.

ಮರುದಿನ ಬೆಳಗ್ಗೆ ಏಳಕ್ಕೇ ಅವರ ಫೋನ್. ಎದೆ ಧಸಕ್ ಅಂತು. ಜ್ವರ ಏನಿಲ್ಲ ಸಿಸ್ಟರ್, ಕೈ ನೋವು ಅಂತ ಹೋಂವರ್ಕ್ ಬರೆದಿಲ್ಲ, ಕ್ಲಾಸ್ ಟೀಚರಿಗೆ ಸ್ವಲ್ಪ ಹೇಳ್ರಿ ಅಂದರು. ಹೇಳ್ತೀನಿ ಅಂದೆ. ಹಾಕಿದ್ದು ಎಡಗೈಗೆ.