ವೈರಲ್ ಲೋಡ್ ‘ಅನ್‌ಡಿಟೆಕ್ಟಬಲ್’: ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಎಚ್‌ಐವಿ ಚಿಕಿತ್ಸೆಯಲ್ಲಿ ಈಚೆಗೆ ಬಂದಿರುವ ಬದಲಾವಣೆಗಳ ಬಗ್ಗೆ ವೈದ್ಯರಿಗೆ, ನರ್ಸ್‌ಗಳಿಗೆ, ಆಪ್ತಸಮಾಲೋಚಕರಿಗೆ ಒಂದು ತರಬೇತಿ ಇದೆ. ಅದರ ಸ್ಲೈಡ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಕಳಿಸಬೇಕು. ಮಿಕ್ಕಿದ್ದೆಲ್ಲ ಹೇಗೋ ದಾಟಿತು, ಒಂದು ಪದ ಮಾತ್ರ ಕಾಲಿಗೆ ತೊಡರಿಕೊಂಡಿದೆ.

ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರ ರಕ್ತದಲ್ಲಿ ವೈರಸ್ಸಿನ ಪ್ರಮಾಣ (ವೈರಲ್ ಲೋಡ್) ಎಷ್ಟು ಕಮ್ಮಿಯಾಗುತ್ತದೆ ಅಂದರೆ ಪರೀಕ್ಷೆಯಲ್ಲೇ ಕಾಣುವುದಿಲ್ಲ. ಇದು ‘ಅನ್‌ಡಿಟೆಕ್ಟಬಲ್’. ನನಗೆ ಕೊಟ್ಟಿರುವ ಹಳೆಯ ಅನುವಾದದಲ್ಲಿ ಹೀಗಿದೆ: ‘ಪತ್ತೆಯಾಗದ ಎಚ್‌ಐವಿ ಇರುವವರಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ.’ ನೀವೇ ಓದಿ ನೋಡಿ. ಪರೀಕ್ಷೆಯನ್ನೇ ಮಾಡಿಸದವರು, ತಮಗೆ ಎಚ್‌ಐವಿ ಇದೆ ಎಂದೇ ಗೊತ್ತಿಲ್ಲದವರು ಅಂತ ಅನ್ನಿಸುವುದಿಲ್ವಾ? ಅಂಥವರಿಂದ ಹರಡುವ ಸಾಧ್ಯತೆಯೇ ಜಾಸ್ತಿ. ಅಂದರೆ ವಾಕ್ಯ ಪೂರ್ತಿ ತಲೆಕೆಳಗು.

ಜೊತೆಗೆ ಶೀರ್ಷಿಕೆ. ಅದೇ ಹಳೆಯ ಕಡತದಲ್ಲಿ ‘ಮುಂದುವರಿದ ಎಚ್‌ಐವಿ ಚಿಕಿತ್ಸೆ: ಮುಂದುವರಿಕೆ ಶಿಕ್ಷಣ’ ಎಂದಿದೆ. ಇದಕ್ಕೂ ಏನಾದರೂ ಹೇಳಿ. ದಯವಿಟ್ಟು ಬೇಗ.

ಮರು: ಪತ್ತೆ ಕನ್ನಡವೇ ಅಲ್ಲ

‘ಪತ್ತೆ’ ಹಿಂದಿಯ ‘ಪತಾ’. ಮೊದಲು ಅದನ್ನು ಆಚೆ ಹಾಕಿ. ಕನ್ನಡದಲ್ಲಿ ಕಾಣು, ತೋರು, ಸಿಗು, ದೊರೆ ಅಂತ ಬೇಕಾದಷ್ಟು ಬೇರುಗಳಿವೆ. ‘ಕಾಣಸಿಗದ’ ಅನ್ನಿ, ‘ತೋರದ’ ಅನ್ನಿ. ವೈರಲ್ ಲೋಡ್ ಅನ್ನುವುದನ್ನೂ ಹಾಗೇ ಇಟ್ಟುಕೊಳ್ಳುವ ಹಂಗು ನಮಗಿಲ್ಲ. ನಂಜುಳ ಅಂದರೆ ವೈರಸ್, ಹೊರೆ ಅಂದರೆ ಲೋಡ್. ‘ಕಾಣಸಿಗದ ನಂಜುಳಹೊರೆ’. ಮುಗಿಯಿತು.

ಶೀರ್ಷಿಕೆಗೆ ‘ಕಲಿಕೆ’ ಸಾಕು. ಶಿಕ್ಷಣ ಯಾಕೆ? ಶಿಕ್ಷೆಯ ಅಣ್ಣನ ಹಾಗೆ ಕೇಳಿಸುತ್ತದೆ.

ಮರು: ನಂಜುಳ, ವೈರಾಣು, ವಿಷಾಣು

ನಂಜುಳವೂ ಬೇಡ, ವೈರಾಣುವೂ ಬೇಡ. ಲ್ಯಾಟಿನ್ನಿನ ‘ವೀರುಸ್’ ಎಂದರೆ ವಿಷ. ಸಂಸ್ಕೃತದ ವಿಷವೂ ಅದೂ ಒಂದೇ ಮೂಲದಿಂದ ಬಂದವು, ಭಾಷಾವಿಜ್ಞಾನದ ಮೊದಲ ಪಾಠದಲ್ಲೇ ಇದು ಬರುತ್ತದೆ. ಹಾಗಾಗಿ ಸರಿಯಾದ ಪದ ‘ವಿಷಾಣು’. ವೈರಸ್ಸಿನ ವೈರಕ್ಕೆ ಅಣು ಅಂಟಿಸಿ ‘ವೈರಾಣು’ ಮಾಡಿದವರು ಕಿವಿಗೆ ಹಿತ ನೋಡಿದರೇ ಹೊರತು ಮೂಲ ನೋಡಲಿಲ್ಲ.

ಇನ್ನು ‘ಸೋಂಕಿತ’. ಆ ಹಳೆಯ ಕಡತದಲ್ಲಿ ಇದೂ ಇದ್ದೇ ಇರುತ್ತದೆ ಅಂತ ಬಾಜಿ ಕಟ್ಟುತ್ತೇನೆ. ಸೋಂಕು ಅಚ್ಚ ಕನ್ನಡ, ‘ಇತ’ ಸಂಸ್ಕೃತ ಪ್ರತ್ಯಯ. ಅರಿಸಮಾಸಕ್ಕೆ ಮೂಗು ಮುರಿಯುವವರು ಇದನ್ನು ಹೇಗೆ ಸಹಿಸಿಕೊಂಡರೋ.

ಮರು: ಮರು: ನಂಜುಳ, ವೈರಾಣು, ವಿಷಾಣು

ಅವರು ಕೇಳಿದ್ದೇನು, ನೀವು ಹೇಳುತ್ತಿರುವುದೇನು? ನಾಳೆ ಸಂಜೆ ಅಂದಿದ್ದಾರೆ.

ಮರು: ವೈರಲ್ ಲೋಡ್ ‘ಅನ್‌ಡಿಟೆಕ್ಟಬಲ್’

ನಾನು ಈ ಚಿಕಿತ್ಸೆಯ ಕೆಲಸದಲ್ಲೇ ಇರುವವನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

‘ಪತ್ತೆಯಾಗದ’ ತಪ್ಪು ಅನ್ನುವುದು ಸರಿ. ಆದರೆ ಅದು ಹಿಂದಿಯದು ಅಂತ ಅಲ್ಲ. ಕನ್ನಡದಲ್ಲಿ ಕಳ್ಳ ಪತ್ತೆಯಾಗುತ್ತಾನೆ, ರೋಗ ಪತ್ತೆಯಾಗುತ್ತದೆ. ಪತ್ತೆ ಅಂದರೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ. ಇಲ್ಲಿ ಆ ಪ್ರಶ್ನೆ ಎಂದೋ ಮುಗಿದಿದೆ. ವೈರಸ್ ಇದೆ ಅಂತ ಗೊತ್ತು, ಎಷ್ಟಿದೆ ಅಂತ ಅಳೆಯುತ್ತಿದ್ದೇವೆ. ‘ಕಾಣಸಿಗದ’ ಅಂದರೂ ಅದೇ ತೊಂದರೆ, ಮಾಯವಾಯಿತು ಅನ್ನಿಸುತ್ತದೆ. ಮಾಯವಾಗಿರುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಿರುಗಿ ಬರುತ್ತದೆ. ಹಾಗಾಗಿ ಪದದೊಳಗೆ ಅಳತೆ ಬರಬೇಕು: ‘ಅಳತೆಗೆ ಸಿಗದಷ್ಟು ಕಮ್ಮಿ’. ಇದು ಒಂದೇ ಪದ ಅಲ್ಲ, ಒಪ್ಪಿದೆ. ಆದರೆ ನಾನು ರೋಗಿಯ ಮುಂದೆ ಕೂತಾಗ ಹೇಳುವುದು ಇದನ್ನೇ, ಅವರಿಗೂ ಥಟ್ಟನೆ ಹತ್ತುತ್ತದೆ.

ಮತ್ತೆ, ಇದು ಒಂಟಿ ಪದವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮೂರು ಮೆಟ್ಟಿಲು ಮಾಡಿದೆ. ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಕಾಪಿಗಳು (ನಕಲುಗಳು) 1000ಕ್ಕಿಂತ ಜಾಸ್ತಿ ಇದ್ದರೆ ಒಂದು, ಪರೀಕ್ಷೆಯಲ್ಲಿ ಕಂಡರೂ 1000 ದಾಟದಿದ್ದರೆ ಇನ್ನೊಂದು, ಬಳಸಿದ ಪರೀಕ್ಷೆಗೆ ಸಿಗದೇ ಇದ್ದರೆ ಮೂರನೆಯದು. ಮಾತ್ರೆ ಮುಂದುವರಿಸುತ್ತಾ ಮೂರನೆಯ ಮೆಟ್ಟಿಲಲ್ಲಿ ಇರುವವರಿಂದ ಲೈಂಗಿಕ ಸಂಗಾತಿಗೆ ಹರಡುವ ಅಪಾಯ ಸೊನ್ನೆ. ನಡುವಿನವರಿಂದ ಇಲ್ಲ ಅನ್ನುವಷ್ಟು ಕಮ್ಮಿ. ಈ ಎರಡರ ನಡುವಿನ ಕೂದಲೆಳೆಯ ಅಂತರ ನಿಮ್ಮ ಕನ್ನಡದಲ್ಲೂ ಉಳಿಯಬೇಕು. ಎರಡಕ್ಕೂ ‘ಪತ್ತೆಯಾಗದ’ ಅಂತ ಬಳಿದರೆ ತರಬೇತಿಯೇ ದಂಡ.

ನಡುವಿನದಕ್ಕೆ ಕೆಲವರು ‘ದಮನಗೊಂಡ’ ಬರೆಯುತ್ತಾರೆ, ಕೆಲವರು ‘ಹತ್ತಿಕ್ಕಿದ’. ಎರಡೂ ಪ್ರತಿಭಟನೆಯ ಸುದ್ದಿ ಓದಿದ ಹಾಗಿರುತ್ತವೆ. ನಾವು ದಿನಾ ಆಡುವ ಮಾತು ‘ಹತೋಟಿಯಲ್ಲಿದೆ’. ಶುಗರ್ ಹತೋಟಿಯಲ್ಲಿದೆ, ಬಿಪಿ ಹತೋಟಿಯಲ್ಲಿದೆ, ಹಾಗೇ ವೈರಸ್ಸೂ. ಮೊದಲನೆಯ ಮೆಟ್ಟಿಲಿಗೆ ‘ಹತೋಟಿಗೆ ಬಂದಿಲ್ಲ’ ಅನ್ನಿ. ‘ಹತೋಟಿ ತಪ್ಪಿದೆ’ ಅನ್ನಬೇಡಿ. ಹೋದ ತಿಂಗಳು ಮಾತ್ರೆ ಶುರು ಮಾಡಿದವರದ್ದು ತಪ್ಪಿಲ್ಲ, ಇನ್ನೂ ಬಂದಿಲ್ಲ ಅಷ್ಟೇ. ತಪ್ಪಿದ್ದು ಅಂದ ಕೂಡಲೇ ರೋಗಿಯೇ ತಪ್ಪು ಮಾಡಿದಂತೆ ಕೇಳಿಸುತ್ತದೆ.

ವಾಕ್ಯದಲ್ಲಿ ‘ಲೈಂಗಿಕ ಸಂಪರ್ಕದಿಂದ’ ಅಂತ ಸೇರಿಸುವುದನ್ನು ಮರೆಯಬೇಡಿ. 2019ರಲ್ಲಿ ಪ್ರಕಟವಾದ ‘ಪಾರ್ಟ್‌ನರ್ 2’ ಅಧ್ಯಯನ 782 ಗೇ ಜೋಡಿಗಳನ್ನು ನೋಡಿತು. ಒಬ್ಬರಿಗೆ ಎಚ್‌ಐವಿ ಇದೆ, ವೈರಲ್ ಲೋಡ್ 200ಕ್ಕಿಂತ ಕೆಳಗೆ, ಕಾಂಡೋಮ್ ಇಲ್ಲ. ಜೊತೆಗಾರರಿಂದ ಬಂದ ಸೋಂಕು ಒಂದೂ ಇರಲಿಲ್ಲ. ಆದರೆ ಅದು ಲೈಂಗಿಕ ಸಂಪರ್ಕದ ಮಾತು. ಎದೆಹಾಲಿನ ವಿಷಯದಲ್ಲಿ ಅಪಾಯ ಬಹಳ ಇಳಿಯುತ್ತದೆ, ಸೊನ್ನೆ ಅಂತ ಹೇಳಲು ಬರುವುದಿಲ್ಲ. ಬರೀ ‘ಹರಡುವುದಿಲ್ಲ’ ಅಂದರೆ ಸಮಾಲೋಚಕರು ಅದನ್ನೇ ತಾಯಂದಿರಿಗೂ ಹೇಳಿಬಿಡುತ್ತಾರೆ.

ಒಂದು ಚಿಲ್ಲರೆ ವಿಷಯ. ನಿಮ್ಮ ಕಡತದಲ್ಲಿ ‘ಪ್ರತಿ ಮಿಲಿಲೀಟರಿಗೆ 50 ಪ್ರತಿ’ ಅಂತ ಇರಬಹುದು, ನಾನು ಬೇರೆ ಕಡೆ ನೋಡಿದ್ದೇನೆ. ಎರಡು ‘ಪ್ರತಿ’, ಎರಡಕ್ಕೂ ಬೇರೆ ಬೇರೆ ಅರ್ಥ. ‘ಒಂದು ಮಿ.ಲೀ.ಗೆ 50 ಕಾಪಿ’ ಅಂತ ಮಾಡಿ ಸುಮ್ನಾಗಿ.

ಮರು: ಡಾಕ್ಟರು ಹೇಳಿದ್ದೇ ಕನ್ನಡವೇ?

ಕಾಪಿ, ಶುಗರ್, ಬಿಪಿ, ಲೋಡ್. ಭಲೇ. ‘ಹತೋಟಿ’ ಮರಾಠಿ ಕಡೆಯಿಂದ ಬಂದದ್ದು, ಅದನ್ನೂ ಸೇರಿಸಿಕೊಳ್ಳಿ. ದಿನಾ ಆಡುವ ಮಾತು ಅನ್ನುವುದೇ ಅಳತೆಗೋಲಾದರೆ ಪದಗಳ ಈ ಚರ್ಚಾಪಟ್ಟಿಯಾದರೂ ಯಾಕೆ ಬೇಕು? ಕನ್ನಡಕ್ಕೆ ಒಂದು ಪದ ಕಟ್ಟುವ ಅವಕಾಶ ಬಂದಾಗಲೆಲ್ಲ ಯಾರಾದರೊಬ್ಬರು ಬಂದು ‘ರೋಗಿಗೆ ಅರ್ಥವಾಗಬೇಕು’ ಅಂತ ಬಾಗಿಲು ಹಾಕುತ್ತಾರೆ. ‘ಸೋಂಕು’ ಇಲ್ವಾ? ಅಪ್ಪಟ ಕನ್ನಡ, ಎಲ್ಲರಿಗೂ ಅರ್ಥವಾಗುತ್ತದೆ.

ಮರು: ಮರು: ಡಾಕ್ಟರು ಹೇಳಿದ್ದೇ ಕನ್ನಡವೇ?

ಸೋಂಕನ್ನೇ ಎತ್ತಿದ್ದು ಒಳ್ಳೆಯದಾಯಿತು ಸ್ವಾಮಿ. ಸೋಂಕು ಅಂದರೆ ಮುಟ್ಟು, ತಾಗು. ಗಾಳಿ ಸೋಕಿತು, ಸೆರಗು ಸೋಕಿತು. ಎಚ್‌ಐವಿ ಮುಟ್ಟಿದರೆ ಬರುವುದಿಲ್ಲ, ತಾಗಿದರೆ ಬರುವುದಿಲ್ಲ ಅಂತ ಗಂಟಲು ಹರಿಯುವ ಹಾಗೆ ಹೇಳುತ್ತಾ ಬಂದಿದ್ದೇವೆ. ಹೇಳುವಾಗ ಬಳಸಿದ ಪದವೇ ‘ತಾಗಿತು’ ಅನ್ನುತ್ತದೆ. ನಿಮ್ಮ ಬೇರಿನ ಲೆಕ್ಕ ಹಿಡಿದರೆ ಮೊದಲು ಹೋಗಬೇಕಾದದ್ದು ಸೋಂಕು. ನಾನೇನೂ ತೆಗೆಯಿರಿ ಅನ್ನುವುದಿಲ್ಲ. ಯಾಕೆಂದರೆ ಇವತ್ತು ಆ ಪದ ಕೇಳಿದವರು ಯಾರೂ ಮುಟ್ಟುವುದನ್ನು ನೆನೆಯುವುದಿಲ್ಲ. ಬೇರು ಬೇರೆ, ಬಳಕೆ ಬೇರೆ.

ನಂಜುಳಕ್ಕೂ ಇದೇ ಮಾತು. ಗಾಯ ನಂಜಾಯಿತು ಅಂದರೆ ಕೀವು ಕಟ್ಟಿತು ಅಂತ. ಅದು ಬೇರೆಯೇ ಕಾಯಿಲೆ. ‘ಸೋಂಕಿತ’ದ ಬಗ್ಗೆ ಹಿರಿಯರು ಹೇಳಿದ್ದು ವ್ಯಾಕರಣಕ್ಕೆ ಸರಿ, ಆದರೆ ನನಗೆ ಬೇಡವಾದದ್ದು ಬೇರೆ ಕಾರಣಕ್ಕೆ: ಅದು ಮನುಷ್ಯನಿಗೆ ಹಚ್ಚೆ ಹಾಕಿದ ಹಾಗಿದೆ. ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಅಂತ ಉದ್ದಕ್ಕೆ ಎಳೆಯುವುದೂ ಬೇಕಿಲ್ಲ. ‘ಎಚ್‌ಐವಿ ಇರುವವರು’. ಕನ್ನಡದಲ್ಲಿ ಕಾಯಿಲೆಯನ್ನು ಹೇಳುವ ರೀತಿಯೇ ಅದು.

ಮರು: ಇನ್ನೆರಡು ಪದ

ಕೇಳಿದವಳು ನಾನೇ. ಅಳತೆ, ಹತೋಟಿ ಎರಡೂ ಹಾಕಿದೆ. ಇನ್ನು ‘ರೆಸಿಸ್ಟೆನ್ಸ್’, ‘ಲಾಂಗ್ ಆ್ಯಕ್ಟಿಂಗ್ ಇಂಜೆಕ್ಷನ್’. ಹಳೆಯ ಕಡತದಲ್ಲಿ ‘ನಿರೋಧಕ ಶಕ್ತಿ’, ‘ದೀರ್ಘಕಾಲೀನ ಚುಚ್ಚುಮದ್ದು’ ಎಂದಿವೆ.

ಮರು: ಮರು: ಇನ್ನೆರಡು ಪದ

‘ನಿರೋಧಕ ಶಕ್ತಿ’ ಬೇಡವೇ ಬೇಡ. ಸಿಡಿ4 (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ರಕ್ತಕಣದ ಲೆಕ್ಕ) ಏರಿದರೆ ‘ನಿಮ್ಮ ನಿರೋಧಕ ಶಕ್ತಿ ಹೆಚ್ಚಿದೆ’ ಅಂತ ಖುಷಿಯಿಂದ ಹೇಳುತ್ತೇವೆ. ಮುಂದಿನ ಸ್ಲೈಡಿನಲ್ಲಿ ವೈರಸ್ಸಿನ ನಿರೋಧಕ ಶಕ್ತಿ ಹೆಚ್ಚಿದೆ ಅಂದರೆ ಅದು ಕೆಟ್ಟ ಸುದ್ದಿ. ಒಂದೇ ಪದ ಎರಡೂ ಕಡೆ ಕೂತರೆ ನರ್ಸ್‌ಗಳೂ ಗಲಿಬಿಲಿಯಾಗುತ್ತಾರೆ. ‘ಮದ್ದಿಗೆ ಬಗ್ಗದ ವೈರಸ್’ ಅನ್ನಿ. ಡೊಲುಟೆಗ್ರಾವಿರ್ ಮಾತ್ರೆಯ ಸ್ಲೈಡಿನಲ್ಲಿ ಚೆನ್ನಾಗಿ ಕೂರುತ್ತದೆ: ಹಳೆಯ ಮಾತ್ರೆ ಎಫಾವಿರೆಂಜ್‌ಗೆ ವೈರಸ್ ಬೇಗ ಬಗ್ಗದಂತಾಗುತ್ತಿತ್ತು, ಇದಕ್ಕೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. 2019ರಿಂದ ಇದೇ ಮೊದಲ ಆಯ್ಕೆಯಾಗಿರುವುದಕ್ಕೆ ಅದೂ ಒಂದು ಕಾರಣ.

‘ಚುಚ್ಚುಮದ್ದು’ ಅಂದರೆ ಅರ್ಧ ಜನ ಲಸಿಕೆ ಅಂದುಕೊಳ್ಳುತ್ತಾರೆ. ಲೆನಕಾಪಾವಿರ್ ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಕೊಡುವ ಔಷಧಿ. ಅಮೆರಿಕದಲ್ಲಿ 2022ರಲ್ಲಿ ಬೇರೆ ಮದ್ದುಗಳಿಗೆ ಬಗ್ಗದ ಎಚ್‌ಐವಿಗೆ, 2025ರಲ್ಲಿ ತಡೆಗಟ್ಟುವುದಕ್ಕೂ ಒಪ್ಪಿಗೆ ಸಿಕ್ಕಿತು. ಎರಡನೆಯದನ್ನು ‘ಎಚ್‌ಐವಿ ತಡೆಯುವ ಚುಚ್ಚುಮದ್ದು’ ಅಂತ ಬರೆದು ನೋಡಿ. ಲಸಿಕೆ ಬಂತು ಅಂತಲೇ ಓದುತ್ತಾರೆ, ಒಂದು ಸಲ ಹಾಕಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಇಂಜೆಕ್ಷನ್ ಅಂತಲೇ ಇರಲಿ. ‘ದೀರ್ಘಕಾಲೀನ’ವೂ ಅಷ್ಟೇ, ವರ್ಷಗಟ್ಟಲೆ ಚುಚ್ಚಿಸಿಕೊಳ್ಳಬೇಕು ಅನ್ನುವಂತಿದೆ. ‘ಎರಡು ತಿಂಗಳ ಇಂಜೆಕ್ಷನ್’, ‘ಆರು ತಿಂಗಳ ಇಂಜೆಕ್ಷನ್’ ಅನ್ನಿ. ಎಷ್ಟು ದಿನ ಕೆಲಸ ಮಾಡುತ್ತದೆ ಅನ್ನುವುದು ಹೆಸರಲ್ಲೇ ಬಂತು.

ಶೀರ್ಷಿಕೆಯ ‘ಮುಂದುವರಿದ’ ತೆಗೆಯಿರಿ. ಸಿಡಿ4 200ಕ್ಕಿಂತ ಕೆಳಗಿಳಿದ ಸ್ಥಿತಿಗೂ ಅದೇ ಪದ ಬರೆಯುತ್ತಾರೆ. ಅದಕ್ಕೆ ‘ಬಲಿತ ಎಚ್‌ಐವಿ’ ಅನ್ನಬಹುದು. ನಿಮ್ಮ ಶೀರ್ಷಿಕೆಗೆ ‘ಎಚ್‌ಐವಿ ಚಿಕಿತ್ಸೆಯಲ್ಲಿ ಹೊಸದೇನು’ ಸಾಲದೇ?

ಮರು: ವಿಷಾಣು

‘ಹೊಸದೇನು’ ಎನ್ನುವುದು ವಾರಪತ್ರಿಕೆಯ ಅಂಕಣದ ಹೆಸರು. ‘ನವೀನ ಪ್ರಗತಿಗಳು’ ಎನ್ನಿ. ವಿಷಾಣುವಿನ ಬಗ್ಗೆ ಯಾರೂ ಉತ್ತರಿಸಲಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಮರು: ಕೊನೆಯ ಸ್ಲೈಡ್

‘ವೈರಸ್’ ಅಂತಲೇ ಇಟ್ಟೆ, ಕ್ಷಮಿಸಿ. ಶೀರ್ಷಿಕೆ ‘ಹೊಸದೇನು’. ಕೊನೆಯ ಸ್ಲೈಡಿನಲ್ಲಿ ಕಾಬೊಟೆಗ್ರಾವಿರ್‌ನ (ಅದೇ ಎರಡು ತಿಂಗಳ ಇಂಜೆಕ್ಷನ್) ‘ಟೇಲ್’ ಅಂತ ಇದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಒಂದು ವರ್ಷ ಅಥವಾ ಇನ್ನೂ ಜಾಸ್ತಿ ಕಾಲ ಔಷಧಿ ಚೂರುಪಾರು ಮೈಯಲ್ಲಿ ಇರುತ್ತದಂತೆ. ವೈರಸ್ಸನ್ನು ಹತೋಟಿಯಲ್ಲಿಡಲು ಅಷ್ಟು ಸಾಲದು, ಆದರೆ ಅದು ಮದ್ದಿಗೆ ಬಗ್ಗದಂತಾಗಲು ಸಾಕು. ‘ಬಾಲ’ ಅಂತ ಹಾಕಲು ಮನಸ್ಸು ಬರುತ್ತಿಲ್ಲ.

ಮರು: ಮರು: ಕೊನೆಯ ಸ್ಲೈಡ್

ಉಳಿಕೆ. ‘ಮದ್ದಿನ ಉಳಿಕೆ’. ನಂಜುಳ ಬೇಡ ಅಂದಿರಿ, ಇದಕ್ಕಾದರೂ ತಕರಾರು ಇಲ್ಲ ತಾನೇ?

ಮರು: ಮರು: ಮರು: ಕೊನೆಯ ಸ್ಲೈಡ್

ಇಲ್ಲ. ತುಂಬಾ ಚೆನ್ನಾಗಿದೆ, ನಾಳೆಯಿಂದ ನಾನೂ ಇದನ್ನೇ ಹೇಳುತ್ತೇನೆ. ‘ಉಳಿಕೆ ಇದೆ ಅಂತ ಮಾತ್ರೆ ಬಿಡಬೇಡಿ’ ಅಂತ ಒಂದು ಸಾಲು ಅದರ ಕೆಳಗೆ ಸೇರಿಸಿಬಿಡಿ. ಇಂಜೆಕ್ಷನ್ ನಿಲ್ಲಿಸಿದವರು ಮಾತ್ರೆಗೆ ಮರಳದೆ ಸುಮ್ಮನಿದ್ದರೇನೇ ಕಷ್ಟ.

ಮರು: ಮರು: ಮರು: ಮರು: ಕೊನೆಯ ಸ್ಲೈಡ್

‘ಔಷಧಶೇಷ’ ಎಂಬ ಪದ ಇರುವಾಗ ಉಳಿಕೆ ಯಾಕೆ?

ಮರು: ಕಳಿಸಿದೆ

ಉಳಿಕೆ ಹಾಕಿ, ಮಾತ್ರೆಯ ಸಾಲನ್ನೂ ಸೇರಿಸಿ ಕಳಿಸಿದೆ. ಹೊಸ ವಾಕ್ಯ ಹೀಗಿದೆ: ‘ಮಾತ್ರೆ ತಪ್ಪಿಸದೆ, ವೈರಸ್ ಅಳತೆಗೆ ಸಿಗದಷ್ಟು ಕಮ್ಮಿ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ.’ ಸೋಂಕು ಅನ್ನುವ ಪದ ಬೇಕಾಗಲೇ ಇಲ್ಲ. ನೀವು ಜಗಳ ಮುಂದುವರಿಸಿ, ನಾನು ಓದುತ್ತಿರುತ್ತೇನೆ.